ಹೆಣ್ಣಿನ ಕಡೆ ಪುಟ, ಗಂಡಿನ ಕಡೆ ಪುಟ

ಸೋಮವಾರ, ೬ ಜುಲೈ ೧೯೯೮

ಕೊನೆಗೂ ಕರೆದರು. ಇಷ್ಟು ವರ್ಷ ಪತ್ರಿಕೆಗಳಿಗೆ ನೀರಿನ ವಿಷಯ ಬರೆದೂ ಬರೆದೂ ನನ್ನ ಕೈ ಸವೆದಿತ್ತು; ಈಗ ನನ್ನನ್ನೇ ಸಮಿತಿಗೆ ಹಾಕಿಕೊಂಡಿದ್ದಾರೆ. "ನಿನ್ನ ಬಾಯಿ ಮುಚ್ಸೋಕೆ ಇದಕ್ಕಿಂತ ಸಲೀಸು ದಾರಿ ಅವರಿಗೆ ಸಿಕ್ಕಿರಲಿಕ್ಕಿಲ್ಲ, ಹೆಡ್‌ಮಾಸ್ತರಮ್ಮ" ಎಂದು ಇವರು ಪೇಪರಿನ ಹಿಂದಿನಿಂದಲೇ ಅಂದರು. ಹತ್ತಿ ದಲಾಲಿ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ನನ್ನನ್ನು ಕೆಣಕುವುದೇ ಇವರ ಉದ್ಯೋಗ.

ಬಾಯಿ ಮುಚ್ಚುವವಳಲ್ಲ ನಾನು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ನೀರಿನ ಹೆಸರಿನಲ್ಲಿ ಈ ಊರಲ್ಲಿ ನೆಟ್ಟ ಅಡಿಗಲ್ಲುಗಳೆಲ್ಲ ನನಗೆ ನೆನಪಿವೆ. ಯಾರು ನೆಟ್ಟರು, ಅಂದು ಏನೇನು ಭಾಷಣ ಮಾಡಿದರು, ಆಮೇಲೆ ಏನಾಯಿತು. ಆವರಗೆರೆ ದಾರಿಯ ಒಂದು ಕಲ್ಲಿನ ಮೇಲೆ ಈಗ ಬಟ್ಟೆ ಒಗೆಯುತ್ತಾರೆ. ಅಷ್ಟರ ಮಟ್ಟಿಗಾದರೂ ಅದು ನೀರಿನ ಕೆಲಸಕ್ಕೆ ಬಂತು.

ಈಗಿನದು ತುಂಗಭದ್ರಾ ಶುದ್ಧ ನೀರು ಸಹಕಾರ ಯೋಜನೆ. ದಾವಣಗೆರೆ, ಹರಿಹರ, ಜೊತೆಗೆ ಇಟಲಿಯ ಒಂದು ಹೊಳೆ ದಂಡೆಯ ಊರು ಸೇರಿ ಮಾಡುವುದು. ಅರ್ಧ ಹಣ ನಮ್ಮ ಸರ್ಕಾರದ್ದು, ಅರ್ಧ ಯುರೋಪಿನ ಒಕ್ಕೂಟದ್ದು; ಎರಡೂ ಜನರ ತೆರಿಗೆಯೇ. ಮೊದಲ ಹಂತದಲ್ಲಿ ಹೊಳೆ ನೀರನ್ನು ವಾರವಾರ ಪರೀಕ್ಷೆ ಮಾಡಿ ಜನರಿಗೆ ತಿಳಿಸಬೇಕು. ತಿಳಿಸಲು ಇಂಟರ್ನೆಟ್ಟಿನಲ್ಲಿ ವೆಬ್‌ಸೈಟ್ ಮಾಡಲೇಬೇಕೆಂದು ಕರಾರಿನಲ್ಲಿದೆ. ಡಿಸೆಂಬರಿನಲ್ಲಿ ಇಟಲಿಯ ಎಂಜಿನಿಯರ್ ಬಂದು ನೋಡುತ್ತಾರಂತೆ. ಮಾಹಿತಿ ಜನರಿಗೆ ಮುಟ್ಟಿದೆ ಎಂದು ಅವರಿಗೆ ಅನ್ನಿಸಿದರೆ ಎರಡನೇ ಹಂತದಲ್ಲಿ ಹರಿಹರದ ಹೊಳೆ ದಂಡೆ ಓಣಿಗೆ ನೀರು ಶುದ್ಧ ಮಾಡುವ ಘಟಕ ಬರುತ್ತದೆ. ಮುಟ್ಟಿಲ್ಲ ಅನ್ನಿಸಿದರೆ ಇಲ್ಲ.

ಯೋಜನಾಧಿಕಾರಿ ಅಂಜನಕುಮಾರ ನನ್ನ ಹಳೆಯ ವಿದ್ಯಾರ್ಥಿ. ಆಗಲೂ ಉತ್ತರ ಗೊತ್ತಿದ್ದರೂ ಪಕ್ಕದವನ ಮುಖ ನೋಡಿಯೇ ಬರೆಯುತ್ತಿದ್ದ. ವೆಬ್‌ಸೈಟಿನ ಉಪಸಮಿತಿಗೆ ನಾನೇ ಮುಖ್ಯಸ್ಥೆ. ಅದರಲ್ಲಿ ಏನಿರಬೇಕೆಂದು ನನಗೆ ಈಗಾಗಲೇ ಗೊತ್ತು.

ಸೋಮವಾರ, ೧೩ ಜುಲೈ

ವಾರವಿಡೀ ಕೂತು ಬರೆದೆ. ಹೊಳೆಯ ಇತಿಹಾಸ, ಹರಿಹರದ ಹಳೆಯ ಸೇತುವೆ, ದಾವಣಗೆರೆಯ ಮಿಲ್ಲುಗಳು, ಕೈಬಿಟ್ಟ ಯೋಜನೆಗಳು, ಮರೆತ ಭರವಸೆಗಳು. ಹದಿನಾಲ್ಕು ಪುಟ ಬಂತು. ಕೊನೆಯ ವಾಕ್ಯ ಓದಿಕೊಂಡಾಗ ನನಗೇ ರೋಮಾಂಚನವಾಯಿತು.

ವೆಬ್‌ಸೈಟ್ ಕಟ್ಟುವವಳು ಆಶಾರಾಣಿ. ಪಿ.ಜೆ. ಬಡಾವಣೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಾಳೆ. ನನ್ನ ಹಾಳೆಗಳನ್ನು ಓದಲಿಲ್ಲ, ಕೈಯಲ್ಲಿ ತೂಗಿದಂತೆ ಹಿಡಿದಳು.

"ಮೇಡಂ, ಇಂಟರ್ನೆಟ್ ಅಂದ್ರೆ ಇಲ್ಲಿಂದ ಬೆಂಗಳೂರಿಗೆ ಎಸ್‌ಟಿಡಿ. ಕನ್ನಡದ ಅಕ್ಷರ ಬೇರೆಯವರ ಕಂಪ್ಯೂಟರ್‌ನಾಗೆ ಕಾಣಲ್ಲ. ಬರೀ ಹುಳಹುಪ್ಪಟೆ ಥರ ಬರ್ತಾವೆ. ಅದಕ್ಕೆ ಬರೆದಿದ್ದನ್ನೆಲ್ಲ ಫೋಟೋ ಥರ ಮಾಡಿ ಹಾಕ್ಬೇಕು. ಹದಿನಾಲ್ಕು ಪುಟ ತೆರೆಯೋ ಹೊತ್ತಿಗೆ ಲೈನ್ ನಾಲ್ಕು ಸಾರಿ ಕಟ್ಟಾಗ್ತೈತೆ. ಹೋಗ್ಲಿ, ಯಾರು ಓದ್ತಾರೆ ಇದನ್ನ?"

"ತಿಳಿದವರು ಓದುತ್ತಾರೆ" ಎಂದೆ.

"ತಿಳಿದವರಿಗೆ ತಿಳಿಸೋಕೆ ಇಟಲಿಯವರು ಯಾಕ್ ದುಡ್ಡು ಕೊಡ್ಬೇಕು ಮೇಡಂ?"

ಉದ್ಧಟತನ. ಈಗಿನವರಿಗೆ ಓದಿನ ರುಚಿಯೇ ಇಲ್ಲ. ಯಂತ್ರ ನಡೆಸಲು ಕಲಿತರೆ ಎಲ್ಲ ಕಲಿತಂತೆ ಎಂದುಕೊಂಡಿದ್ದಾರೆ. ಆದರೂ ಹತ್ತು ಪುಟಕ್ಕೆ ಇಳಿಸಿಕೊಡಲು ಒಪ್ಪಿದ್ದೇನೆ. ಅದಕ್ಕಿಂತ ಕೆಳಗೆ ಒಂದು ಸಾಲೂ ಇಲ್ಲ.

ಸೋಮವಾರ, ೨೦ ಜುಲೈ

ಹರಿಹರಕ್ಕೆ ಹೋಗಿಬಂದೆ. ಹೊಳೆ ದಂಡೆ ಓಣಿಯ ಅಂಗನವಾಡಿ ಶಿಕ್ಷಕಿ ಮೀನಾಕ್ಷಿ ಸಮಿತಿಯಲ್ಲಿದ್ದಾಳೆ. ನೀರಿನ ಪರೀಕ್ಷೆಯೂ ಅವಳದೇ. ಪರೀಕ್ಷೆ ಎಂದರೆ ಬಹಳ ಸರಳ. ಮದ್ದು ಸವರಿದ ಕಾಗದದ ತುಂಡಿರುವ ಪುಟ್ಟ ಬಾಟಲಿಗೆ ನೀರು ತುಂಬಿ ಒಂದು ದಿನ ಇಡುತ್ತಾಳೆ. ನೀರು ಕಪ್ಪಾದರೆ ರೋಗಾಣು ಇದೆ, ಕುಡಿಯಬಾರದು. ಹಾಗೇ ಇದ್ದರೆ ಕುಡಿಯಬಹುದು. ಮಂಗಳವಾರ ತುಂಬಿ ಬುಧವಾರ ನೋಡುತ್ತಾಳೆ.

ಓಣಿಯ ಕೊನೆಯ ನಲ್ಲಿಯಲ್ಲಿ ನೀರು ಬರುವುದು ಅಪರೂಪ, ಹಾಗಾಗಿ ಎಲ್ಲರೂ ಹೊಳೆಯಿಂದಲೇ ತರುತ್ತಾರೆ. ಅಂಗನವಾಡಿಯ ಹಂಡೆಯಲ್ಲಿರುವುದೂ ಹೊಳೆಯ ನೀರೇ. ಕಳೆದ ಮಳೆಗಾಲದಲ್ಲಿ ಅಲ್ಲಿಯ ಮಕ್ಕಳಿಗೆ ಕಾಮಾಲೆ ಬಂದಿತ್ತು. ಒಂದು ಮಗು ಉಳಿಯಲಿಲ್ಲ. ಅದನ್ನು ಹೇಳುವಾಗ ಮೀನಾಕ್ಷಿ ಹಂಡೆಯ ಮುಚ್ಚಳ ಸರಿ ಮಾಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

"ಆ ಘಟಕ ಬರಲಿ ಅಮ್ಮಾರೆ. ಅದೊಂದು ಬಂದ್ರೆ ನಾ ಇನ್ನೇನೂ ಕೇಳಲ್ಲ."

ವೆಬ್‌ಸೈಟಿನಲ್ಲಿ ಏನಿರಬೇಕೆಂದು ಅವಳನ್ನೂ ಕೇಳಿದೆ. "ಇವತ್ತಿನ ನೀರು ಕುಡಿಬೇಕೋ ಬ್ಯಾಡೋ, ಅಷ್ಟು ಬಂದ್ರೆ ಸಾಕ್ರಿ" ಎಂದಳು. ಪಾಪ, ಅವಳ ಕಷ್ಟ ಅವಳಿಗೆ. ಇಡೀ ಹೊಳೆಯ ಚಿತ್ರ ಅವಳ ಕಣ್ಣಿಗೆ ಹೇಗೆ ಬಂದೀತು.

ಓಣಿಯ ಬಾಯಲ್ಲಿ ಖತೀಜಾಬೀ ಎಂಬಾಕೆಯ ಹಿಟ್ಟಿನ ಗಿರಣಿ ಇದೆ. ಓಣಿಯವರೆಲ್ಲ ಜೋಳ ತರುವುದು ಅಲ್ಲಿಗೇ. ಹರಿಹರದ ಯೋಜನಾ ಕಚೇರಿಯಲ್ಲಿ ಪುಟವನ್ನು ತೆರೆದು, ಅಚ್ಚು ತೆಗೆದು, ಬುಧವಾರ ಬುಧವಾರ ಆ ಗಿರಣಿಯ ಗೋಡೆಗೆ ಅಂಟಿಸುವುದೆಂದು ಗೊತ್ತುಮಾಡಿದೆವು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಟಿಸ್ರಿ. ಗೋಡೆ ಖಾಲಿ ಐತೆ. ಖರೇ ಮಾತು ಇದ್ರೆ ಅಂಟಿಸ್ರಿ, ಸುಳ್ಳಿದ್ರೆ ನಾನೇ ಹರಿತೀನಿ" ಎಂದಳು.

ಬುಧವಾರ, ೨೯ ಜುಲೈ

ಸಭೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮೊದಲ ಪುಟದ ಮೇಲೆ ಯಾರ ಹೆಸರು ಎಲ್ಲಿ ಎಂಬುದೇ ಚರ್ಚೆ. ನೀರಿನ ಮಾತು ಬಂದದ್ದು ಕುಡಿಯಲು ಕೇಳಿದಾಗ ಮಾತ್ರ.

ಹರಿಹರದವರು: "ಹೊಳೆ ನಮ್ದು. ನಮ್ಮ ಹೆಸರು ಮ್ಯಾಲೆ ಬರ್ಬೇಕು." ದಾವಣಗೆರೆಯವರು: "ಜಿಲ್ಲೆ ಆಗಿ ಒಂದು ವರ್ಷ ಆಗ್ತಾ ಬಂತು, ಇನ್ನೂ ಕಲಿಸ್ಬೇಕೇನು? ಜಿಲ್ಲಾ ಕೇಂದ್ರ ಕೆಳಗೆ ಹೆಂಗೆ ಬರ್ತೈತೆ?" ಅಕ್ಕಪಕ್ಕ ಹಾಕೋಣವೆಂದು ಆಶಾರಾಣಿ ಹೇಳಿದ್ದಕ್ಕೆ ಒಬ್ಬರು ಎಡ ಮೊದಲೋ ಬಲ ಮೊದಲೋ ಎಂದು ಕೇಳಿದರು. ಪ್ರತಿಯೊಬ್ಬರ ಭಾವಚಿತ್ರ ಬೇಕು. ಪರದೆಯನ್ನು ಕೆಳಕ್ಕೆ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿ ಯಾರಿಗೂ ಇರಲು ಇಷ್ಟವಿಲ್ಲ.

ಮೀನಾಕ್ಷಿ ಮೂಲೆಯಲ್ಲಿ ಕೂತು ಎಲ್ಲರ ಬಾಯನ್ನೇ ನೋಡುತ್ತಿದ್ದಳು. ಇಂಥ ಜಗಳಗಳಲ್ಲಿ ಎಷ್ಟು ಯೋಜನೆಗಳು ಹಾಳಾದವೆಂದು ನಾನು ಉದಾಹರಣೆ ಸಮೇತ ವಿವರಿಸಿದೆ. ಬಹಳ ಹೊತ್ತು ವಿವರಿಸಿದೆ. ಯಾರೂ ಎದುರಾಡಲಿಲ್ಲ, ಬಹುಶಃ ಹಸಿವಾಗಿತ್ತು.

ಸೋಮವಾರ, ೩ ಆಗಸ್ಟ್

ದಾರಿ ಸಿಕ್ಕಿತು. ನನಗೇ ಸಿಕ್ಕಿತು.

ಹದಿನೈದನೇ ತಾರೀಕಿನ ಉದ್ಘಾಟನೆಗೆ ಆಮಂತ್ರಣ ಹಾಕಿಸಲು ಮಕ್ತುಮ್ ಸಾಬರ ಪ್ರೆಸ್ಸಿಗೆ ಹೋಗಿದ್ದೆ. ಇಡೀ ಊರಿನ ಲಗ್ನಪತ್ರಿಕೆ ಅಚ್ಚಾಗುವುದು ಅವರಲ್ಲಿ. ಮೇಜಿನ ಮೇಲೆ ಒಂದೇ ಮದುವೆಯ ಎರಡು ಕಟ್ಟು ಇದ್ದವು. ಹೆಣ್ಣಿನ ಕಡೆಯದರಲ್ಲಿ ವಧುವಿನ ಹೆಸರು ಮೊದಲು, ಗಂಡಿನ ಕಡೆಯದರಲ್ಲಿ ವರನದು. ಎರಡೂ ಮನೆಯವರಿಗೆ ಅವರವರ ಹಿರಿಯರು ಮೇಲಿರುತ್ತಾರೆ. ಜಗಳವಿಲ್ಲ. ತಲೆತಲಾಂತರದಿಂದ ನಮ್ಮ ಜನ ನಡೆಸಿಕೊಂಡು ಬಂದ ಜಾಣತನ ಇದು. ಇಟಲಿಯವರಿಗೇನು ಗೊತ್ತು.

ವೆಬ್‌ಸೈಟಿಗೂ ಎರಡು ಮುಖಪುಟ. ದಾವಣಗೆರೆಯದೊಂದು, ಹರಿಹರದ್ದೊಂದು. ಅಲ್ಲಿಂದಲೇ ಫೋನು ಮಾಡಿದೆ. ಅಂಜನಕುಮಾರ, "ಟೀಚರ್, ನೀವು ನಮ್ಮನ್ನ ಉಳಿಸಿದ್ರಿ" ಎಂದ.

ಮಕ್ತುಮ್ ಸಾಬ್ ಕನ್ನಡಕ ಒರೆಸುತ್ತ ಹೇಳಿದರು: "ಪತ್ರಿಕೆ ಎರಡು ಇರಬಹುದು ಮೇಡಮ್ಮಾರೆ, ಮುಹೂರ್ತ ಒಂದೇ ಇರ್ಬೇಕು ನೋಡ್ರಿ. ಒಂದ್ಸಾರಿ ನಮ್ಮ ಹುಡುಗ ಒಂದರಾಗೆ ಟೈಮು ತಿದ್ದಿ ಇನ್ನೊಂದರಾಗೆ ಮರೆತ. ಗಂಡಿನ ಕಡೆಯವರು ಬರೋ ಹೊತ್ತಿಗೆ ಎಲೆ ಎತ್ತಿದ್ರು." ಅವರಿಗೆ ಇಂಥ ಕಥೆ ನೂರಿವೆ. ನಕ್ಕು ಬಂದೆ.

ಶನಿವಾರ, ೧೫ ಆಗಸ್ಟ್

ಉದ್ಘಾಟನೆ ಅದ್ದೂರಿಯಾಯಿತು. ವೇದಿಕೆಯ ಎರಡು ಬದಿಗೆ ಎರಡು ಕಂಪ್ಯೂಟರ್. ದಾವಣಗೆರೆಯವರು ತಮ್ಮ ಪುಟದ ಮುಂದೆ, ಹರಿಹರದವರು ತಮ್ಮ ಪುಟದ ಮುಂದೆ. ಭಾವಚಿತ್ರಗಳು ಹಣೆಯಿಂದ ಶುರುವಾಗಿ ಒಂದೊಂದೇ ಗೆರೆಯಾಗಿ ಇಳಿದು ಬಂದವು. ಮೀಸೆ ಬರುವಷ್ಟರಲ್ಲಿ ಮುಖ್ಯ ಅತಿಥಿ ಒಂದು ಭಾಷಣವನ್ನೇ ಮುಗಿಸಿದರು. ನನ್ನ ಇತಿಹಾಸವೂ ಇದೆ, ಒಂಬತ್ತು ಪುಟ. ಕೆಳಗಡೆ ಒಂದು ಚೌಕದಲ್ಲಿ ವಾರದ ನೀರಿನ ಫಲಿತಾಂಶ.

ಎರಡು ಊರು ಹೀಗೆ ಒಂದೇ ಚಪ್ಪರದಡಿ ನಗುನಗುತ್ತಾ ಕೂತದ್ದನ್ನು ನಾನು ಕಂಡಿರಲಿಲ್ಲ. ವೇದಿಕೆಯ ಮೇಲೆ ನನಗೂ ಶಾಲು ಹೊದಿಸಿದರು. ನಾನು ಶಾಲಿನ ವಿರೋಧಿ. ಆದರೂ ಬೇಡವೆಂದರೆ ಚೆನ್ನಾಗಿರುವುದಿಲ್ಲವೆಂದು ಹೊದ್ದುಕೊಂಡೆ.

ಬುಧವಾರ, ೯ ಸೆಪ್ಟೆಂಬರ್

ಎಲ್ಲ ಸುಸೂತ್ರ. ಇತಿಹಾಸವನ್ನು ಯಾರಾದರೂ ಓದಿದರೇ ಎಂದು ಆಶಾರಾಣಿಯನ್ನು ಕೇಳಿದೆ. "ನೀವು ಓದಿದ್ದು ಲೆಕ್ಕ ಹಿಡಿಬೇಕೇನು ಮೇಡಂ?" ಎಂದಳು.

ಶುಕ್ರವಾರ, ೧೮ ಸೆಪ್ಟೆಂಬರ್

ಸಿಟ್ಟಿಗೆ ಬೆಳಿಗ್ಗೆಯಿಂದ ಬರೆಯುತ್ತಲೇ ಇದ್ದೇನೆ.

ಹೊಳೆ ದಂಡೆ ಓಣಿಯ ಇಬ್ಬರು ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ, ವಾಂತಿ, ಭೇದಿ. ಒಂದು ಖತೀಜಾಬೀಯ ಮೊಮ್ಮಗಳು, ಇನ್ನೊಂದು ಚೌಡವ್ವ ಎಂಬಾಕೆಯ ಮೊಮ್ಮಗ. ಈ ಬುಧವಾರ ಬಾಟಲಿ ಕಪ್ಪಾಗಿತ್ತು. ಮೀನಾಕ್ಷಿ ಫೋನು ಮಾಡಿದ ತಕ್ಷಣ ಆಶಾರಾಣಿ ಹರಿಹರದ ಪುಟದಲ್ಲಿ "ಕುಡಿಯಬಾರದು" ಎಂದು ಹಾಕಿದ್ದಾಳೆ. ದಾವಣಗೆರೆಯ ಪುಟ ತಿದ್ದಲು ಅಂಜನಕುಮಾರನ ಸಹಿ ಬೇಕು. ಅವನು ಬೆಂಗಳೂರಿಗೆ ಹೋಗಿದ್ದ. ಅಲ್ಲಿ ಹಿಂದಿನ ವಾರದ "ಕುಡಿಯಲು ಯೋಗ್ಯ" ಹಾಗೇ ಉಳಿದಿದೆ. ವೆಬ್‌ಸೈಟಿನ ವಿಳಾಸ ಒತ್ತಿದರೆ ಮೊದಲು ತೆರೆಯುವುದು ದಾವಣಗೆರೆಯ ಪುಟವೇ, ಜಿಲ್ಲಾ ಕೇಂದ್ರವೆಂದು. ಹರಿಹರದ ಕಚೇರಿಯವರು ಅದನ್ನೇ ಅಚ್ಚು ತೆಗೆದು ಗಿರಣಿಗೆ ಅಂಟಿಸಿದ್ದಾರೆ.

ಸಹಿ. ಈ ದೇಶದಲ್ಲಿ ನೀರಿಗೂ ಸಹಿ ಬೇಕು. ಅಂಜನಕುಮಾರನ ಹೊಣೆಗೇಡಿತನದ ಬಗ್ಗೆ ಪತ್ರಿಕೆಗೆ ಮೂರು ಪುಟ ಬರೆದಿದ್ದೇನೆ. ನಾಳೆ ಹರಿಹರದಿಂದ ಬಂದು ಅಂಚೆಗೆ ಹಾಕುವುದು.

ಶನಿವಾರ, ೧೯ ಸೆಪ್ಟೆಂಬರ್

ಮಕ್ಕಳಿಗೆ ಗ್ಲೂಕೋಸ್ ಬಾಟಲಿ ಏರಿಸಿದ್ದಾರೆ. ಡಾಕ್ಟರು ಭಯವಿಲ್ಲ ಎಂದರು. ಖತೀಜಾಬೀ ಮೊಮ್ಮಗಳ ಕಾಲ ಬಳಿ ಕೂತಿದ್ದಳು, ನನ್ನನ್ನು ಮಾತಾಡಿಸಲಿಲ್ಲ. ಬೈದಿದ್ದರೆ ವಾಸಿ.

ಮೀನಾಕ್ಷಿ ಹೊರಗೆ ಬೇವಿನ ಮರದ ಕೆಳಗೆ ಸಿಕ್ಕಳು. ಸಹಿಯ ವಿಷಯ, ಅಂಜನಕುಮಾರನ ವಿಷಯ ಎಲ್ಲ ಹೇಳಿದೆ. ಕೇಳಿಸಿಕೊಂಡಳು. ಆಮೇಲೆ ಅಂದಳು:

"ನಾ ಮನಿಮನಿಗೆ ಹೋಗಿ ಹೇಳಿದ್ದೆ ಅಮ್ಮಾರೆ, ಬಾಟ್ಲಿ ಕಪ್ಪಾಗೈತೆ, ಕುಡಿಬ್ಯಾಡ್ರಿ ಅಂತ. ಅವರು ನಿಮ್ಮ ಕಾಗದ ತೋರಿಸಿದ್ರು. ಇದು ಸರ್ಕಾರದ್ದು, ನೀನ್ಯಾರು ಅಂದ್ರು. ಮೊದ್ಲು ಕಾಗದ ಇರಲಿಲ್ಲ, ನನ್ನ ಮಾತು ನಡೀತಿತ್ತು. ಈಗ ಕಾಗದ ಐತೆ, ನಾನು ಸುಳ್ಳಿ."

ನಾನು ಹೊರಡುವಾಗ, "ಎರಡು ಪುಟ ಯಾರು ಮಾಡಿದ್ರಿ ಅಮ್ಮಾರೆ?" ಎಂದಳು. ಅವಳಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮನೆಗೆ ಬಂದು ಪತ್ರಿಕೆಗೆ ಬರೆದದ್ದನ್ನು ಹರಿದೆ. ಭಾಷೆ ಸರಿಯಾಗಿ ಬಂದಿರಲಿಲ್ಲ.

ಮಂಗಳವಾರ, ೨೨ ಸೆಪ್ಟೆಂಬರ್

ಇವರಿಗೆ ಎಲ್ಲ ಹೇಳಿದೆ. ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ, ಮಾಡಲಿಲ್ಲ.

"ನಮ್ಮ ಹತ್ತಿ ಮಾರ್ಕೆಟ್‌ನಾಗೆ ದರದ ಬೋರ್ಡ್ ಒಂದೇ ಐತೆ" ಎಂದರು. "ಮಾರೋ ರೈತಗೊಂದು, ಕೊಳ್ಳೋ ಮಿಲ್ಲಿನವಗೊಂದು ಇಡಲ್ಲ. ಇಟ್ರೆ ಆವತ್ತೇ ಮಾರ್ಕೆಟ್ ಬಂದ್. ಬೋರ್ಡಿನ ಮ್ಯಾಲೆ ತಾರೀಕು, ದರ, ಬರೆದವನ ಸಹಿ. ಅಧ್ಯಕ್ಷರ ಫೋಟೋ ನೋಡೀಯೇನು ಅದರ ಮ್ಯಾಲೆ?"

"ಇಲ್ಲ."

"ಅಧ್ಯಕ್ಷರೇ ಬಂದು ದರ ನೋಡ್ಕೊಂಡು ಹೋಗ್ತಾರೆ. ಅಷ್ಟು ಸಾಕು ಅವರಿಗೆ."

ಮೂವತ್ತೆಂಟು ವರ್ಷ ಸಂಸಾರ ಮಾಡಿ ಆ ಬೋರ್ಡಿನ ಬಗ್ಗೆ ಒಮ್ಮೆಯೂ ಇವರನ್ನು ಕೇಳಿರಲಿಲ್ಲ. ನಾಳೆ ಹೋಗಿ ನೋಡಿ ಬರುತ್ತೇನೆ.

ಸೋಮವಾರ, ೫ ಅಕ್ಟೋಬರ್

ಸಭೆ. ನಾನು ಒಂದೇ ಹಾಳೆ ತೆಗೆದುಕೊಂಡು ಹೋಗಿದ್ದೆ.

ಮುಖಪುಟ ಒಂದೇ. ಅದರಲ್ಲಿ ತಾರೀಕು, ಪರೀಕ್ಷೆ ಮಾಡಿದ ಜಾಗಗಳು, ಒಂದೊಂದು ಜಾಗಕ್ಕೆ ಒಂದೊಂದು ಬಾಟಲಿಯ ಚಿತ್ರ. ಕೆಟ್ಟಿದ್ದರೆ ಕಪ್ಪು, ಚೆನ್ನಾಗಿದ್ದರೆ ಬಿಳಿ. ಏನು ಮಾಡಬೇಕೆಂದು ಒಂದು ಸಾಲು, ಕಾಸಿ ಕುಡಿಯಬೇಕೋ ಹಾಗೇ ಕುಡಿಯಬಹುದೋ. ಬಾಟಲಿಯ ಉಪಾಯ ಆಶಾರಾಣಿಯದು. ಓದಲು ಬಾರದವರಿಗೂ ತಿಳಿಯುತ್ತದೆ, ಪುಟ್ಟ ಚಿತ್ರವಾದ್ದರಿಂದ ಬೇಗ ತೆರೆಯುತ್ತದೆ, ಅಚ್ಚಿನಲ್ಲಿ ಕಪ್ಪು ಚೆನ್ನಾಗಿ ಮೂಡುತ್ತದೆ. ಹಣ ಕೊಟ್ಟವರ ಲಾಂಛನ ಕರಾರಿನಂತೆ ಇರಲೇಬೇಕು. ಅದು ಅಡಿಯಲ್ಲಿ, ಚಿಕ್ಕದಾಗಿ. ಸಮಿತಿಯವರ ಹೆಸರುಗಳಿಗೆ ಒಳಗೆ ಬೇರೆ ಪುಟ. ಬೇಕಾದವರು ಒತ್ತಿ ನೋಡಬಹುದು.

ಗದ್ದಲವೆದ್ದಿತು. "ಮತ್ತೆ ಯಾವ ಊರು ಮೊದಲು?" ಎಂದು ಹರಿಹರದವರು ಎದ್ದರು.

"ಊರಿನ ಹೆಸರೇ ಇಲ್ಲ" ಎಂದೆ. "ಜಾಗಗಳ ಹೆಸರು ಅಷ್ಟೇ. ಹೊಳೆ ಮೇಲಿನಿಂದ ಕೆಳಕ್ಕೆ ಹೇಗೆ ಹರಿಯುತ್ತದೋ ಆ ಕ್ರಮದಲ್ಲಿ. ಕ್ರಮ ಬದಲಾಗಬೇಕಾದರೆ ಹೊಳೆಗೆ ಅರ್ಜಿ ಕೊಡಿ."

ಎದ್ದವರು ಕೂತರು. ಆದರೆ ಅಂಜನಕುಮಾರ ಹಾಳೆಯ ಕೆಳಗೆ ಬೆರಳಿಟ್ಟ. ಅಲ್ಲಿ "ಪರೀಕ್ಷಿಸಿದವರು: ಮೀನಾಕ್ಷಿ, ಅಂಗನವಾಡಿ" ಎಂದಿತ್ತು.

"ಟೀಚರ್, ಮುಖಪುಟದಾಗೆ ಯಾರ ಹೆಸರೂ ಇಲ್ಲ, ಅಂಗನವಾಡಿಯವರ ಹೆಸರು ಒಂದೇ ಐತೆ. ಹೆಂಗೆ ಕಾಣ್ತೈತೆ?"

"ಫಲಿತಾಂಶ ತಪ್ಪಾದ್ರೆ ಯಾರನ್ನ ಹಿಡಿದು ಕೇಳಬೇಕು ಅಂತ ಜನಕ್ಕೆ ಗೊತ್ತಿರಬೇಕಲ್ಲ ಅಂಜನಿ. ಅವಳದು ಬೇಡ ಅಂದ್ರೆ ನಿನ್ನ ಹೆಸರು ಹಾಕೋಣ."

"ಬ್ಯಾಡ ಟೀಚರ್. ಅವರದ್ದೇ ಇರಲಿ" ಎಂದ, ಬಹಳ ಬೇಗ.

ಇನ್ನು ಮುಂದೆ ಸಹಿ ಬೇಡ. ಮೀನಾಕ್ಷಿ ಫೋನು ಮಾಡಬೇಕು, ನಾನು ಹೂಂ ಅನ್ನಬೇಕು, ಆಶಾರಾಣಿ ಹಾಕಬೇಕು. ಕೈ ಎತ್ತಿಸಿದಾಗ ಅರ್ಧಕ್ಕಿಂತ ಒಂದೇ ಕೈ ಹೆಚ್ಚಿತ್ತು. ಸಾಕು.

ಹೊರಗೆ ಬಂದ ಮೇಲೆ ಆಶಾರಾಣಿ ಕೇಳಿದಳು: "ಮೇಡಂ, ನಿಮ್ಮ ಇತಿಹಾಸ? ಒಳಗೆ ಎಲ್ಲಾದ್ರೂ ಇಡ್ಲಾ?" ಜಾಗವಿದ್ದರೆ ಇಡು, ಇಲ್ಲದಿದ್ದರೆ ಬಿಡು ಎಂದೆ. ಬಸ್ಸಿಗೆ ಹೊತ್ತಾಗಿತ್ತು.

ಬುಧವಾರ, ೧೪ ಅಕ್ಟೋಬರ್

ಮೊದಲ ಕಾಗದವನ್ನು ನಾನೇ ಒಯ್ದೆ. ಖತೀಜಾಬೀ ಗಿರಣಿ ನಿಲ್ಲಿಸಲಿಲ್ಲ. ಬಿಳಿ ಬಾಟಲಿಯನ್ನು ನೋಡಿದಳು, ಕೆಳಗಿನ ಸಾಲನ್ನು ಓದಿಸಿಕೊಂಡಳು. "ಮೀನಾಕ್ಷಿ ಏನಂತಾಳೆ?" ಎಂದಳು. ಅವಳ ಹೆಸರೇ ಇದೆ ಎಂದು ತೋರಿಸಿದೆ. "ಹಂಗಾದ್ರೆ ಹಚ್ಚ್ರಿ" ಎಂದಳು. ಮೊಮ್ಮಗಳು ಗಟ್ಟಿಯಾಗಿದ್ದಾಳೆ, ಅಲ್ಲೇ ಹಿಟ್ಟಿನಲ್ಲಿ ಆಡುತ್ತಿದ್ದಳು.

ಬುಧವಾರ, ೧೮ ನವೆಂಬರ್

ಹೊಳೆ ದಂಡೆ ಓಣಿ, ಕಪ್ಪು. ಉಳಿದದ್ದು ಬಿಳಿ. ಮಧ್ಯಾಹ್ನದೊಳಗೆ ಕಾಗದ ಹೋಯಿತು. ಓಣಿಯಲ್ಲಿ ಎಲ್ಲ ಒಲೆಗಳ ಮೇಲೂ ನೀರಿತ್ತು ಎಂದು ಮೀನಾಕ್ಷಿ ಹೇಳಿದಳು. ಯಾರಿಗೂ ಏನೂ ಆಗಿಲ್ಲ.

ಬುಧವಾರ, ೯ ಡಿಸೆಂಬರ್

ಹೊಳೆ ದಂಡೆ ಓಣಿ, ಕಪ್ಪು.

ನಾಳೆ ಇಟಲಿಯ ಎಂಜಿನಿಯರ್ ಬರುತ್ತಾರೆ. ಬೆಂಗಳೂರಿನಿಂದ ಇಲಾಖೆಯ ದೊಡ್ಡ ಅಧಿಕಾರಿ ಬರುತ್ತಾರೆ. ಬೆಳಿಗ್ಗೆ ಮೀನಾಕ್ಷಿಯ ಫೋನು ಬಂದು ರಿಸೀವರ್ ಇಡುವಷ್ಟರಲ್ಲಿ ಅಂಜನಕುಮಾರ ಬಾಗಿಲಲ್ಲಿದ್ದ. ಅವನಿಗೂ ಸುದ್ದಿ ಮುಟ್ಟಿತ್ತು.

"ನಾಳೆ ಮಧ್ಯಾಹ್ನದ ತನಕ ಅಷ್ಟೇ ಟೀಚರ್. ಹೋದ ವಾರದ ಬಿಳಿ ಬಾಟ್ಲಿ ಹಂಗೇ ಇರ್ಲಿ. ಕಾರ್ಯಕ್ರಮ ಮುಗಿದ ಮ್ಯಾಲೆ ಹಾಕ್ರಿ."

"ಅಲ್ಲೀ ತನಕ ಓಣಿಯವರು ಏನು ಕುಡಿಯಬೇಕು?"

"ಬಾಯಿಮಾತಲ್ಲಿ ಹೇಳಿಸ್ತೀನಿ."

"ಸೆಪ್ಟೆಂಬರ್‌ನಲ್ಲೂ ಮೀನಾಕ್ಷಿ ಹೇಳಿದ್ದಳು."

ಅವನು ಕುರ್ಚಿಯ ತುದಿಗೆ ಸರಿದ. "ನೋಡ್ರಿ, ನಾನೇನು ರಾಕ್ಷಸ ಅಲ್ಲ. ನಾಳೆ ಸಾಹೇಬ್ರು ಹೊಳೆ ಮೆಟ್ಟಿಲ ಮ್ಯಾಲೆ ನಿಂತು ನೀರು ಕುಡಿಯೋ ಫೋಟೋ ತೆಗೆಸೋದೈತೆ. ಅವರೇ ಇಟ್ಕೊಂಡಿರೋದು, ನನ್ನ ಮಾತು ಕೇಳಲ್ಲ. ಪುಟದಾಗೆ ಕಪ್ಪು ಬಾಟ್ಲಿ ಇದ್ರೆ ಸಾಹೇಬ್ರ ಮರ್ಯಾದೆ ಹೋಗ್ತೈತೆ. ಎರಡನೇ ಹಂತದ ಫೈಲಿಗೆ ಅವರ ಒಪ್ಪಿಗೆನೂ ಬೇಕು. ಕೋಪದಾಗೆ ತಡೆದ್ರೆ ಘಟಕ ಹೋತು. ಅದೇ ಓಣಿಯ ಘಟಕ. ಒಂದು ದಿನಕ್ಕೋಸ್ಕರ ವರ್ಷಗಟ್ಟಲೆ ನೀರು ಕಳಕೋತೀರಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇವರು ಅವನಿಗೆ ಕಾಫಿ ಕೊಟ್ಟರು.

ಮೀನಾಕ್ಷಿಗೆ ಫೋನು ಮಾಡಿ ಅವನ ಮಾತನ್ನೆಲ್ಲ ಹೇಳಿದೆ. ಘಟಕ ಅವಳಿಗೆ ಬೇಕಾದದ್ದು, ನನಗಲ್ಲ.

"ಘಟಕ ಬರದಿದ್ರೆ ಕಾಸಿ ಕುಡಿತೀವಿ ಅಮ್ಮಾರೆ, ಈಗ ಕುಡಿಯೋ ಹಂಗೆ. ಕಪ್ಪನ್ನ ಬಿಳಿ ಅಂದ್ರೆ ಇನ್ನೊಂದ್ಸಾರಿ ಕಪ್ಪು ಅಂದಾಗ ಯಾರೂ ಕಾಸಲ್ಲ."

ಆಶಾರಾಣಿಗೆ ಹಾಕು ಎಂದೆ. ಅಂಜನಕುಮಾರ ಲೋಟ ಕೆಳಗಿಟ್ಟು ಎದ್ದು ಹೋದ. ಹೇಳಿ ಹೋಗಲಿಲ್ಲ.

ಗುರುವಾರ, ೧೦ ಡಿಸೆಂಬರ್

ಹೊಳೆಯ ಮೆಟ್ಟಿಲ ಬಳಿ ಶಾಮಿಯಾನ. ಎಂಜಿನಿಯರಿಗೆ ವೆಬ್‌ಸೈಟ್ ತೋರಿಸಲೆಂದು ಪಕ್ಕದ ಮನೆಯಿಂದ ಫೋನಿನ ತಂತಿ ಎಳೆದು ಕಂಪ್ಯೂಟರ್ ಇಟ್ಟಿದ್ದರು. ಲೈನು ಸಿಗಲಿಲ್ಲ. ಮತ್ತೆ ಮತ್ತೆ ಕೀರಲು ದನಿ ಮಾಡಿ ಸುಮ್ಮನಾಗುತ್ತಿತ್ತು. ಆಶಾರಾಣಿಯ ಹಣೆಯಲ್ಲಿ ಬೆವರು. ಇಟಲಿಯ ಎಂಜಿನಿಯರ್ ಬಿಳಿ ಕೂದಲಿನ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸು. ಖಾಲಿ ಪರದೆಯನ್ನೂ ನೋಡಿದಳು, ಗಡಿಯಾರವನ್ನೂ ನೋಡಿದಳು. ಮೀನಾಕ್ಷಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ದೂರದಲ್ಲಿದ್ದಳು. ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಬೆಂಗಳೂರಿನ ಅಧಿಕಾರಿ ಮೆಟ್ಟಿಲಿಳಿದರು. ಯಾರೋ ಬೆಳ್ಳಿಯ ಲೋಟದಲ್ಲಿ ಹೊಳೆಯ ನೀರು ತುಂಬಿ ಅವರ ಕೈಗೆ ಕೊಟ್ಟರು. ಫೋಟೋದವರು ಮುಂದೆ ಬಂದರು. ಅಂಜನಕುಮಾರ ಬೇರೆ ಕಡೆ ನೋಡುತ್ತಿದ್ದ. ನಾನು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಜನರ ನಡುವಿನಿಂದ ದನಿ ಬಂತು.

"ಓ ಸಾಹೇಬ್ರೆ, ಅದನ್ನ ಕುಡಿಬ್ಯಾಡ್ರಿ."

ಖತೀಜಾಬೀ. ಗಿರಣಿಯಿಂದ ಹಾಗೇ ಬಂದಿದ್ದಳು, ಮೊಣಕೈವರೆಗೆ ಹಿಟ್ಟು. ಪೊಲೀಸಿನವನು ಅವಳನ್ನು ಹಿಂದೆ ಸರಿಸಲು ಹೋದ. ಅವಳು ಅವನ ಕೈಯನ್ನು ನೊಣ ಓಡಿಸಿದಂತೆ ತಳ್ಳಿದಳು.

"ಯಾಕಮ್ಮ?" ಎಂದರು ಅಧಿಕಾರಿ, ಲೋಟ ಎದೆಯ ಹತ್ತಿರ ಹಿಡಿದುಕೊಂಡೇ.

"ಬಾಟ್ಲಿ ಕರ್ರಗಾಗೈತೆ. ನಿನ್ನೆ ನಮ್ಮ ಗಿರಣಿ ಗೋಡೆಗೆ ಹಚ್ಚ್ಯಾರೆ. ನೀವು ಪರ ಊರಿನವರು, ನಿಮಗೆ ಗೊತ್ತಿಲ್ಲ. ಹೊಟ್ಟೆ ಕೆಡ್ತೈತೆ. ನಮ್ಮ ಮನಿಯಾಗೆ ಕಾಸಿ ಆರಿಸಿದ್ದು ಐತೆ, ತರ್ಲೇನು?"

ಅವಳ ಹಿಂದಿನಿಂದ ಚೌಡವ್ವ, "ಅವ್ರಿಗೆ ಹೇಳಿಲ್ಲೇನು ಯಾರೂ? ನಮ್ಮ ಓಣಿ ನಾಯಿಗೂ ಗೊತ್ತೈತೆ" ಎಂದಳು. ಹೆಂಗಸರು ನಕ್ಕರು. ಅಧಿಕಾರಿ ಲೋಟವನ್ನು ನೋಡಿದರು, ಅಂಜನಕುಮಾರನನ್ನು ನೋಡಿದರು. ಆಮೇಲೆ ಬಗ್ಗಿ ಲೋಟವನ್ನು ಮೆಟ್ಟಿಲ ಮೇಲಿಟ್ಟರು. "ತಗೊಂಡ್ ಬಾರಮ್ಮ, ಕಾಸಿದ್ದೇ ಕುಡಿಯೋಣ" ಎಂದರು. ಸಿಟ್ಟಾಗಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಸ್ಟೀಲಿನ ಚೊಂಬಿನಿಂದ ಕುಡಿಯುವುದನ್ನೇ ಫೋಟೋದವರು ತೆಗೆದರು.

ಎಂಜಿನಿಯರ್ ಕಂಪ್ಯೂಟರ್ ಬಿಟ್ಟು ಬಂದು ಆ ಹೆಂಗಸು ಏನೆಂದಳೆಂದು ಕೇಳಿದಳು. ಆಶಾರಾಣಿ ಇಂಗ್ಲಿಷಿನಲ್ಲಿ ಹೇಳಿದಳು. ಗಿರಣಿಗೆ ಹೋಗೋಣ ಎಂದು ಎಂಜಿನಿಯರ್ ತಾನೇ ಮುಂದೆ ನಡೆದಳು. ಗೋಡೆಯ ಕಾಗದದ ಮುಂದೆ ಕನ್ನಡಕ ಹಾಕಿಕೊಂಡು ತಾರೀಕು ನೋಡಿದಳು, ಕಪ್ಪು ಬಾಟಲಿಯ ಮೇಲೆ ಬೆರಳಿಟ್ಟಳು. ನೀವು ಈ ಪುಟವನ್ನು ಕಂಪ್ಯೂಟರಿನಲ್ಲಿ ನೋಡಿದ್ದೀರಾ ಎಂದು ಖತೀಜಾಬೀಯನ್ನು ಕೇಳಿಸಿದಳು.

"ಅದೇನೋ ಆಫೀಸ್‌ನಾಗೆ ಐತಂತೆ. ನನಗ್ಯಾಕೆ ಬೇಕು? ಬುಧವಾರ ಕಾಗದ ಬರ್ತೈತೆ. ಬರದಿದ್ರೆ ನಾನೇ ಹೋಗಿ ಬೈದು ತಗೊಂಬರ್ತೀನಿ."

ಆಶಾರಾಣಿ ಇದನ್ನು ಹೇಳುತ್ತಿದ್ದಂತೆ ಎಂಜಿನಿಯರ್ ಜೋರಾಗಿ ನಕ್ಕಳು. ಕಾಗದದ ಅಡಿಯ ಹೆಸರನ್ನು ತಡವರಿಸಿ ಓದಿ, ಯಾರು ಎಂದು ತಿರುಗಿ ನೋಡಿದಳು. ಮೀನಾಕ್ಷಿ ಮಕ್ಕಳ ಹಿಂದಿನಿಂದ ಕೈ ಎತ್ತಿದಳು. ಇಬ್ಬರೂ ಕೈ ಕುಲುಕಿದರು.

ಅಧಿಕಾರಿಯೂ ಬಂದು ಕಾಗದ ನೋಡಿದರು. ಅವರೂ ಎಂಜಿನಿಯರೂ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ಆಶಾರಾಣಿ ನನ್ನ ಕಡೆ ತಿರುಗಿದಳು.

"ತನಗೆ ಬೇಕಾದ್ದು ಸಿಕ್ಕಿತು, ವರದಿಯಾಗೆ ಇದನ್ನೇ ಬರಿತೀನಿ ಅಂತಾರೆ ಮೇಡಂ. ಸಾಹೇಬ್ರೂ ಹೂಂ ಅಂದ್ರು. ಘಟಕ ಎಲ್ಲಿ ಕೂಡಿಸೋದು ಅಂತ ಕೇಳ್ತಿದಾರೆ."

ಅಷ್ಟು ಕೇಳಿದ್ದೇ ತಡ. ಖತೀಜಾಬೀ ಗಿರಣಿ ಪಕ್ಕ ಎಂದಳು. ಎಲ್ಲರೂ ಹೇಗೂ ಅಲ್ಲಿಗೇ ಬರುತ್ತಾರಂತೆ. ಮೀನಾಕ್ಷಿ ಅಂಗನವಾಡಿ ಮುಂದೆ ಎಂದಳು. ಮಕ್ಕಳು ಬಿಸಿಲಲ್ಲಿ ಅಷ್ಟು ದೂರ ಹೋಗಲಾರರಂತೆ. "ನಿನ್ನ ಮಕ್ಕಳು ಮಧ್ಯಾಹ್ನ ಮನಿಗೆ ಹೋಗ್ತಾವೆ, ಆಮ್ಯಾಲೆ ನೀರು ಯಾರಿಗೆ, ಗುಬ್ಬಿಗೇನು?" ಎಂದು ಖತೀಜಾಬೀ. "ನಿಮ್ಮ ಗಿರಣಿ ಧೂಳು ಬೀಳೋಕೆ ಘಟಕ ಬೇಕೇನು?" ಎಂದು ಮೀನಾಕ್ಷಿ. ಅವಳು ದನಿ ಏರಿಸಿದ್ದನ್ನು ನಾನು ಮೊದಲ ಸಲ ಕೇಳಿದೆ. ಚೌಡವ್ವನೂ ಸೇರಿಕೊಂಡಳು. ಎಂಜಿನಿಯರ್ ಭಾಷೆ ತಿಳಿಯದಿದ್ದರೂ ಇಬ್ಬರ ಮುಖವನ್ನೂ ನೋಡುತ್ತ, ಚೀಲದಿಂದ ಅಳತೆಯ ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

ಜಾಗದ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯವಿತ್ತು. ಕೇಳಿದರೆ ಹೇಳೋಣವೆಂದು ಟೇಪು ಹಿಡಿದು ನಿಂತೆ.